ಮೊಳೆಯಿಲ್ಲದ ಚೀನೀ ಅಲಮಾರಿಗಳು

ಕಾಲ: ಮಿಂಗ್ (1368–1644) ಮತ್ತು ಚಿಂಗ್ (1644–1912) ಅರಸು ಮನೆತನಗಳು

ಕಟ್ಟುವ ಬಗೆ
ಚೀನಾದ ಹಳೆಯ ಬಡಗಿಗಳು ಅಲಮಾರಿಯ ಚೌಕಟ್ಟಿಗೆ ಮೊಳೆ ಹೊಡೆಯುತ್ತಿರಲಿಲ್ಲ. ಒಂದು ಮರದ ತುದಿಯನ್ನು ನಾಲಿಗೆಯಂತೆ ಕೆತ್ತಿ, ಇನ್ನೊಂದರ ತೂತಿನಲ್ಲಿ ಬಿಗಿಯಾಗಿ ಕೂರಿಸುತ್ತಿದ್ದರು. ಬಾಗಿಲ ಹಲಗೆ ಚೌಕಟ್ಟಿನ ತೋಡಿನಲ್ಲಿ ಸಡಿಲವಾಗಿ ನಿಲ್ಲುವುದರಿಂದ ಮಳೆಗಾಲದಲ್ಲಿ ಮರ ಹಿಗ್ಗಿದರೂ, ಬೇಸಿಗೆಯಲ್ಲಿ ಕುಗ್ಗಿದರೂ ಸೀಳುವುದಿಲ್ಲ. ದುಂಡುಮೂಲೆಯ ಅಲಮಾರಿಗಳಿಗೆ ಕಬ್ಬಿಣದ ಕೀಲೂ ಇಲ್ಲ. ನಮ್ಮ ಹಳೆಯ ವಾಡೆಗಳ ತಲಬಾಗಿಲಿನಂತೆ ಕದವು ಮೇಲೆ ಕೆಳಗೆ ಚಾಚಿದ ಮರದ ಗೂಟಗಳ ಮೇಲೆ ತಿರುಗುತ್ತದೆ. ಬೀಗಕ್ಕೆ ಮಾತ್ರ ಹಿತ್ತಾಳೆಯ ಪಟ್ಟಿ.

ಮರ ಮತ್ತು ಮೆರುಗು
ಅರಗಿನ ಮರದ ರಸವನ್ನು ಪದರ ಪದರವಾಗಿ ಬಳಿದು ಹೊಳಪು ಕೊಡುತ್ತಿದ್ದರು. ಅರಮನೆಗಳಲ್ಲಿ ಮೆಚ್ಚಿನದಾಗಿದ್ದ ಕಡುನೇರಳೆ ಬಣ್ಣದ ‘ಜಿತಾನ್’ ಮರವನ್ನು ತಜ್ಞರು ಹೆಚ್ಚಾಗಿ ರಕ್ತಚಂದನವೆಂದು ಗುರುತಿಸುತ್ತಾರೆ. ರಕ್ತಚಂದನದ ಸಹಜ ನೆಲೆ ಆಂಧ್ರದ ಕಡಪ, ಚಿತ್ತೂರು ಸೀಮೆಯ ಪೂರ್ವಘಟ್ಟ.

ನಮ್ಮ ಸೀಮೆಯ ನಂಟು
ನಮ್ಮ ಊರಾದ ಕೊಡೇಕಲ್ ಇರುವ ಸುರಪುರ ಸೀಮೆ 1860ರಲ್ಲಿ ಹೈದರಾಬಾದ್ ನಿಜಾಮರ ಆಳ್ವಿಕೆಗೆ ಸೇರಿತು. 1948ರವರೆಗೂ ಅಲ್ಲಿಯೇ ಇತ್ತು. ಆ ರಾಜ್ಯದ ದಿವಾನರಾಗಿದ್ದ ಮೂರನೆಯ ಸಾಲಾರ್ ಜಂಗ್, ಮೀರ್ ಯೂಸುಫ್ ಅಲಿ ಖಾನ್ (1889–1949), ಲೋಕದ ನಾನಾ ಕಡೆಯಿಂದ ಕಲಾವಸ್ತುಗಳನ್ನು ಕೂಡಿಹಾಕಿದರು. ಅವುಗಳಲ್ಲಿ ಚೀನಾದ ಪಿಂಗಾಣಿ, ಅರಗಿನ ಕೆಲಸ, ಮರದ ಪೀಠೋಪಕರಣಗಳೂ ಇವೆ. 1951ರಲ್ಲಿ ಈ ಸಂಗ್ರಹ ಸಾರ್ವಜನಿಕರಿಗೆ ತೆರೆಯಿತು.

ನೋಡಬಯಸುವವರಿಗೆ: ಸಾಲಾರ್ ಜಂಗ್ ವಸ್ತುಸಂಗ್ರಹಾಲಯ, ಹೈದರಾಬಾದ್. ಶುಕ್ರವಾರ ರಜೆ.