ಮುತ್ತತ್ತಿಯ ಹೊಳೆಯೂ ಮೂರು ಗಣಿತಗಳೂ

ಮುತ್ತತ್ತಿಗೆ ಹೋದವರಿಗೆ ಮುತ್ತತ್ತಿರಾಯನ ಗುಡಿ ಗೊತ್ತು. ನೀರಿಗೆ ಬಿದ್ದ ಸೀತಾದೇವಿಯ ಒಡವೆಯನ್ನು ಆಂಜನೇಯ ಬಾಲದಿಂದ ಎತ್ತಿಕೊಟ್ಟನೆಂಬ ಐತಿಹ್ಯವೂ ಗೊತ್ತು. ಅಲ್ಲಿ ಹರಿಯುವ ಕಾವೇರಿಗೆ ಗಣಿತದ್ದೂ ಒಂದು ಚರಿತ್ರೆಯುಂಟೆಂದರೆ ಮಾತ್ರ ಕೆಲವರು ನಕ್ಕಾರು. ಆದರೂ ಪಿ.ಯು.ಸಿ. ಹುಡುಗರ ಗಣಿತದ ಮಾತು ಬಂದಾಗಲೆಲ್ಲ ನನಗೆ ನೆನಪಾಗುವುದು ಈ ಹೊಳೆಯೇ.

ಹಿಂದೆ ಇಂಟರ್‌ಮೀಡಿಯೆಟ್ ಎನ್ನುತ್ತಿದ್ದ ಆ ಮೆಟ್ಟಿಲಿನಲ್ಲಿ ಈಗ ಗಣಿತ, ಪಾಲಾದ ಅಣ್ಣತಮ್ಮಂದಿರಂತೆ, ಮೂರು ಮನೆಯಾಗಿದೆ. ಶುದ್ಧ ಗಣಿತಕ್ಕೆ ಗಣಿತದ ತರಗತಿ. ಬಲ, ವೇಗಗಳ ಲೆಕ್ಕ, ಅಂದರೆ ಹುಡುಗರ ಬಾಯಲ್ಲಿ ಮೆಕ್ಯಾನಿಕ್ಸ್, ಭೌತಶಾಸ್ತ್ರದ ಮೇಷ್ಟರ ಪಾಲು. ಸಂಖ್ಯಾಶಾಸ್ತ್ರವೋ, ಬೇಕಾದವರು ಆಯ್ದುಕೊಳ್ಳುವ ಬೇರೊಂದು ವಿಷಯ. ಇಂಗ್ಲೆಂಡಿನ ಎ-ಲೆವೆಲ್ ಗಣಿತದಲ್ಲಿ 2017ರಿಂದ ಈ ಮೂರನ್ನೂ ಎಲ್ಲರೂ ಓದಬೇಕು. ಅವರು ಮಾಡಿದರೆಂದು ನಾವೂ ಮಾಡಬೇಕಾಗಿಲ್ಲ, ನಿಜ. ಆದರೆ ಕನ್ನಡದ ಮೊದಲ ಗಣಿತಕಾರನೆನಿಸಿದ ಹನ್ನೆರಡನೆಯ ಶತಮಾನದ ರಾಜಾದಿತ್ಯ ತನ್ನ ಗ್ರಂಥಕ್ಕೆ ಇಟ್ಟ ಹೆಸರೇ ‘ವ್ಯವಹಾರಗಣಿತ’.

ಹೊಳೆಯ ವ್ಯವಹಾರವನ್ನೇ ನೋಡೋಣ. ಮುತ್ತತ್ತಿಗಿಂತ ಮೇಲೆ, ಅದೇ ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಲ್ಲಿ 1902ರಲ್ಲಿ ಹುಟ್ಟಿದ ವಿದ್ಯುತ್ತು ಸುಮಾರು 92 ಮೈಲಿ ತಂತಿಯ ಮೇಲೆ ಓಡಿ ಕೋಲಾರದ ಚಿನ್ನದ ಗಣಿಯನ್ನು ಮುಟ್ಟಿತು. ಅಲ್ಲಿ ನೀರು ಇಳಿಯುವ ಎತ್ತರ ಸುಮಾರು 400 ಅಡಿ. ಗುರುತ್ವವನ್ನು 32 ಎಂದು ಹಿಡಿದು, ಅದನ್ನು 400ರಿಂದ ಗುಣಿಸಿ, ಇಮ್ಮಡಿ ಮಾಡಿ ವರ್ಗಮೂಲ ತೆಗೆದರೆ 160. ಘರ್ಷಣೆಯನ್ನು ಮರೆತರೆ ಸೆಕೆಂಡಿಗೆ 160 ಅಡಿ ವೇಗ. ಪರೀಕ್ಷೆಗೆಂದೇ ಹೊಸೆದ ಲೆಕ್ಕದಂತಿದೆ! ಆ ಸೂತ್ರ ಎಲ್ಲಿಂದ ಬಂತೆಂದು ಕೇಳುವ ಹುಡುಗ ಶುದ್ಧ ಗಣಿತದ ಬಾಗಿಲನ್ನು ತಟ್ಟಲೇಬೇಕು.

ಸಂಖ್ಯಾಶಾಸ್ತ್ರದ ಕಥೆ ಇದಕ್ಕಿಂತ ಕಹಿ. ಮಳೆ ವರ್ಷಕ್ಕೊಂದು ಬಗೆ. ಹಂಚುವುದು ಯಾವ ವರ್ಷದ ನೀರನ್ನು? 1990ರಲ್ಲಿ ನೇಮಕವಾದ ಕಾವೇರಿ ನ್ಯಾಯಮಂಡಳಿ 2007ರ ಅಂತಿಮ ತೀರ್ಪಿನಲ್ಲಿ 740 ಟಿ.ಎಂ.ಸಿ.ಯನ್ನು ಆಧಾರವಾಗಿ ಹಿಡಿಯಿತು. ಒಂದು ಟಿ.ಎಂ.ಸಿ. ಎಂದರೆ ನೂರು ಕೋಟಿ ಘನ ಅಡಿ. ಈ 740, ‘ಶೇಕಡಾ 50ರ ಭರವಸೆ’ಯ ನೀರು: ನೂರು ವರ್ಷಗಳಲ್ಲಿ ಐವತ್ತು ವರ್ಷ ಅಷ್ಟೋ ಅದಕ್ಕಿಂತ ಹೆಚ್ಚೋ ಬಂದೀತು, ಉಳಿದ ಐವತ್ತರಲ್ಲಿ ಬಾರದು. ತರಗತಿಯಲ್ಲಿ ಇದಕ್ಕೆ ಮಧ್ಯಾಂಕವೆಂದು ಹೆಸರು. ಒಂದೆರಡು ಮಹಾಪೂರ ಬಂದರೆ ಸರಾಸರಿ ಉಬ್ಬುತ್ತದೆ. ಮಧ್ಯಾಂಕ ಅಷ್ಟು ಸುಲಭವಾಗಿ ಜಗ್ಗದು. ಈ ಭೇದವನ್ನು ಎರಡು ಅಂಕದ ಪ್ರಶ್ನೆಯೆಂದು ಉರುಹೊಡೆದ ಮದ್ದೂರಿನ ಹುಡುಗನಿಗೆ, ಅವನಪ್ಪನ ಕಬ್ಬಿನ ಗದ್ದೆಯ ನಾಲೆನೀರಿನ ಪಾಲು ಇಂಥದೇ ಅಂಕಿಯಿಂದ ಹೊರಟಿದೆಯೆಂದು ಹೇಳುವವರು ಯಾರು? ಮೂವರು ಮೇಷ್ಟರಲ್ಲಿ ಇದು ತನ್ನ ಪಾಠವೆನ್ನುವವರು ಯಾರೂ ಇಲ್ಲವೆಂಬುದೇ ನನ್ನ ತಕರಾರು.

2018ರಲ್ಲಿ ಸುಪ್ರೀಂ ಕೋರ್ಟು ಕರ್ನಾಟಕ ಬಿಡಬೇಕಾದ ನೀರನ್ನು 192ರಿಂದ 177.25 ಟಿ.ಎಂ.ಸಿ.ಗೆ ಇಳಿಸಿತು. ಅದನ್ನು ಅಳೆಯುವುದು ಮುತ್ತತ್ತಿಯಿಂದ ಕೆಳಗೆ, ಬಿಳಿಗುಂಡ್ಲುವಿನಲ್ಲಿ. ಕೊರತೆಯ ವರ್ಷದಲ್ಲಿ ಎಲ್ಲರ ಪಾಲೂ ಅದೇ ಪ್ರಮಾಣದಲ್ಲಿ ತಗ್ಗಬೇಕೆಂದು ನ್ಯಾಯಮಂಡಳಿ ಹೇಳಿತ್ತು. ಕೊರತೆ ಎಷ್ಟೆಂದು ನಿಶ್ಚಯವಾಗುವುದು ಮಳೆಗಾಲ ಕಳೆದ ಮೇಲೆ. ನೀರು ಬಿಡಬೇಕಾದದ್ದು ಜೂನಿನಿಂದಲೇ, ತಿಂಗಳು ತಿಂಗಳು.