ಕಾವು

ನಮ್ಮಜ್ಜಿ ಮಂಕರಿಗೆ ಹುಲ್ಲು ಹಾಸಿ ಕೋಳಿಯನ್ನು ಕಾವಿಗೆ ಕೂರಿಸಿದರೆ 21 ದಿನ ನಾವು ಮಕ್ಕಳು ಆ ಮೂಲೆಗೆ ಹೋಗುವಂತಿರಲಿಲ್ಲ. ಈಗ ಹೊಸ ಉದ್ಯಮಗಳಿಗೂ ಸರ್ಕಾರ ಕಾವು ಕೊಡುತ್ತದೆ, ಅಂಥ ಜಾಗಕ್ಕೆ ಇನ್‌ಕ್ಯುಬೇಟರ್ ಎನ್ನುತ್ತಾರೆ ಎಂದು ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಹೇಳಿದಾಗ ನಕ್ಕುಬಿಟ್ಟೆ. ಆಮೇಲೆ ಓದಿ ನೋಡಿದರೆ ಆ ಹೆಸರಿನ ಹಿಂದೆ ಇದ್ದದ್ದು ನಿಜವಾಗಿಯೂ ಕೋಳಿಯೇ!

ಅಮೆರಿಕದ ನ್ಯೂಯಾರ್ಕ್ ರಾಜ್ಯದಲ್ಲಿ ಬಟೇವಿಯಾ ಎಂಬ ಸಣ್ಣ ಊರು. ಬೇಸಾಯದ ಯಂತ್ರ ಮಾಡುತ್ತಿದ್ದ ಮ್ಯಾಸಿ-ಹ್ಯಾರಿಸ್ ಕಾರ್ಖಾನೆ ಮುಚ್ಚಿ, ಊರಿಗೆ ಊರೇ ಕಂಗಾಲಾಗಿತ್ತು. 1959ರಲ್ಲಿ ಮ್ಯಾನ್ಕೂಸೊ ಮನೆತನದವರು ಆ ಖಾಲಿ ಕಟ್ಟಡ ಕೊಂಡರು. ಅಷ್ಟು ದೊಡ್ಡದಕ್ಕೆ ಒಬ್ಬನೇ ಬಾಡಿಗೆದಾರ ಎಲ್ಲಿ ಸಿಕ್ಕಾನು? ಜೋಸೆಫ್ ಮ್ಯಾನ್ಕೂಸೊ ಅದನ್ನು ಭಾಗ ಮಾಡಿ ಸಣ್ಣಪುಟ್ಟವರಿಗೆ ಕೊಟ್ಟ. ಕಚೇರಿ ಕೆಲಸಕ್ಕೆ ನೆರವಾದ, ಬಂಡವಾಳ ಹುಟ್ಟಿಸಲು ಜೊತೆಗೆ ನಿಂತ. ಬಾಡಿಗೆಗೆ ಬಂದವರಲ್ಲಿ ಕೋಳಿಮರಿ ಮಾಡಿಸುವವರೂ ಇದ್ದರು. ತಮಾಷೆಗೆ ಇಟ್ಟ ಹೆಸರು ಹಾಗೇ ಉಳಿದುಕೊಂಡಿತು.

ಅದೇ 1959ರ ಮಾರ್ಚಿಯಲ್ಲಿ, ಮುಂಬಯಿಯ ಗಿರ್‌ಗಾಂವ್‌ನಲ್ಲಿ ಏಳು ಜನ ಹೆಂಗಸರು 80 ರೂಪಾಯಿ ಸಾಲ ಪಡೆದು ಮಹಡಿಯ ಮೇಲೆ ಹಪ್ಪಳ ಒತ್ತಲು ಕೂತರು. ಮೊದಲ ದಿನ ಆದದ್ದು ನಾಲ್ಕು ಪ್ಯಾಕೆಟ್. ಅದೇ ಲಿಜ್ಜತ್. ದಾನ ಬೇಡ, ನಷ್ಟವಾದರೂ ಸರಿ ಎಂದು ಹಟ ಹಿಡಿದವರು ಅವರು. ಖಾದಿ ಮತ್ತು ಗ್ರಾಮೋದ್ಯೋಗ ಆಯೋಗದ ಮಾನ್ಯತೆ ಬಂದದ್ದು 1966ರಲ್ಲಿ. ಸರ್ಕಾರದ ಕಾವು ಸಿಗುವ ಹೊತ್ತಿಗೆ ಮರಿ ಆಗಲೇ ಕಾಳು ಹೆಕ್ಕುತ್ತಿತ್ತು.

ನಮ್ಮ ಮೈಸೂರು ಸೀಮೆ ಈ ವಿಷಯದಲ್ಲಿ ಹಿಂದೆ ಬಿದ್ದದ್ದೇನಲ್ಲ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ 1913ರಲ್ಲಿ ಮೈಸೂರು ಬ್ಯಾಂಕು, 1916ರಲ್ಲಿ ವಾಣಿಜ್ಯ ಮಂಡಳಿ, ಗಂಧದೆಣ್ಣೆ ಕಾರ್ಖಾನೆ ಎಲ್ಲವೂ ಬಂದವು. ಆದರೆ ಬಾಗಿಲು ತಟ್ಟಲು ಹಿಂಜರಿಯುವ ಹೆಂಗಸಿನ ಕಥೆಯೇ ಬೇರೆ.

ನಮ್ಮ ದೊಡ್ಡಕ್ಕನ ಹಪ್ಪಳಕ್ಕೆ ಬೀದಿಯಲ್ಲೆಲ್ಲ ಹೆಸರಿತ್ತು. 1996ರಲ್ಲಿ ಒಂದು ಕಚೇರಿಯವರು ಮಹಿಳೆಯರಿಗೆ ತರಬೇತಿ, ಸಾಲ, ಶೆಡ್ಡು ಕೊಡುತ್ತಾರೆಂದು ತಿಳಿದು ಅರ್ಜಿ ಹಾಕಿದಳು. ಅದನ್ನು ತುಂಬಿಕೊಟ್ಟವಳು ನಾನೇ. ಆಗತಾನೆ ಬಿ.ಎಡ್. ಮುಗಿದಿತ್ತು, ನನ್ನ ಇಂಗ್ಲಿಷನ್ನು ಅಲ್ಲಿಯ ಸಾಹೇಬರು ಮೆಚ್ಚಿಕೊಂಡಾಗ ಹಿಗ್ಗಿದ್ದೆ. ತಂದೆಯ ಹೆಸರು, ಗಂಡನ ಸಹಿ, ಮನೆಯ ಪತ್ರ ಎಲ್ಲವನ್ನೂ ಕೇಳಿದ್ದ ಆ ಅರ್ಜಿಯಲ್ಲಿ, ಹಪ್ಪಳ ಕೊಳ್ಳುವವರು ಯಾರು ಎಂಬ ಪ್ರಶ್ನೆ ಮಾತ್ರ ಇರಲಿಲ್ಲ. ನನಗೂ ಹೊಳೆಯಲಿಲ್ಲ.

ಶೆಡ್ಡು ಊರಾಚೆ ಆರು ಕಿಲೋಮೀಟರು. ಸಂಜೆ ಆರರ ಮೇಲೆ ಬಸ್ಸಿಲ್ಲ. ತರಬೇತಿ ಮುಗಿದ ದಿನ ಹಾರ ಹಾಕಿ ಸರ್ಟಿಫಿಕೇಟು ಕೊಟ್ಟರು, ಫೋಟೋ ತೆಗೆದರು. ಆಮೇಲೆ ಯಾರೂ ಆ ಕಡೆ ತಲೆಹಾಕಲಿಲ್ಲ. ಮಳೆಗಾಲದಲ್ಲಿ ಹಪ್ಪಳ ಮೆತ್ತಗಾಗಿ ಬೂಷ್ಟು ಹಿಡಿಯಿತು. ಅಂಗಡಿಯವರು ಹಿಂದಕ್ಕೆ ಕಳಿಸಿದರು. ಸಾಲ ತೀರಿಸಲು ಅಕ್ಕ ಬಳೆ ಮಾರಿದಳು. ನನ್ನನ್ನು ಒಂದು ಮಾತೂ ಅನ್ನಲಿಲ್ಲ.

ಈಗ ಆ ವಿದ್ಯಾರ್ಥಿನಿ ಸಿರಿಧಾನ್ಯದ ಉಂಡೆ ಮಾಡುತ್ತಾಳೆ. ಅವಳಿಗೆ ಜಾಗ ಕೊಟ್ಟ ಕೇಂದ್ರ ನೋಡಿ ಬಂದೆ. ಗಾಜಿನ ಬಾಗಿಲು, ತಿರುಗುವ ಕುರ್ಚಿ, ಇಂಟರ್‌ನೆಟ್ಟು. "ಎಲ್ಲಾ ಚೆನ್ನಾಗಿದೆ ಮಿಸ್, ರಾಗಿ ಹುರಿಯೋಕೆ ಒಲೆ ಎಲ್ಲಿಡಲಿ?" ಅಂದಳು.

ನನಗೆ ಅನಿಸುವುದು ಇಷ್ಟು. ತಿಂಡಿ ಮಾಡುವವಳಿಗೆ ಬೇಕಾದದ್ದು ಹೊಗೆ ಹೋಗುವ ಅಡುಗೆಮನೆ, ಎಷ್ಟು ದಿನ ಕೆಡದು ಎಂದು ಪರೀಕ್ಷಿಸಿ ಹೇಳುವವರು, ಮಕ್ಕಳು ಶಾಲೆಯಲ್ಲಿರುವ ಹೊತ್ತಿಗೆ ಸಿಗುವ ಪಾಠ. ಜೊತೆಗೆ ಸರ್ಕಾರದ ಹಾಸ್ಟೆಲ್ಲೋ ಆಸ್ಪತ್ರೆ ಕ್ಯಾಂಟೀನೋ ಕೊಡುವ ಮೊದಲ ಆರ್ಡರು, ತಿಂಗಳಿಗೆ ಸರಿಯಾಗಿ ದುಡ್ಡು. ಎಷ್ಟು ಜನರಿಗೆ ತರಬೇತಿ ಕೊಟ್ಟೆವು ಎನ್ನುವ ಲೆಕ್ಕಕ್ಕಿಂತ, ಮೂರು ವರ್ಷದ ಮೇಲೆ ಯಾರ ಒಲೆ ಉರಿಯುತ್ತಿದೆ ಎಂದು ಹೋಗಿ ನೋಡಬೇಕು. ಪರೀಕ್ಷೆ ಮಾಡುವವರು ನಮ್ಮಲ್ಲಿ ಇಲ್ಲವೆಂದಲ್ಲ. ಮೈಸೂರಿನಲ್ಲಿ ಆಹಾರ ಸಂಶೋಧನಾಲಯ, ಸಿಎಫ್‌ಟಿಆರ್‌ಐ, 1950ರಿಂದಲೂ ಇದೆ. ಅಲ್ಲಿಗೆ ದಾರಿ ತೋರಿಸಲು ಒಬ್ಬರು ಬೇಕಿತ್ತು, ಅಷ್ಟೆ.

ಹುಡುಗಿಗೆ ಆ ವಿಳಾಸ ಬರೆದುಕೊಟ್ಟೆ. ಮೊನ್ನೆ ಫೋನು ಮಾಡಿ, "ಮಿಸ್, ನಿಮ್ಮ ಅಕ್ಕ ಹಪ್ಪಳ ಹೇಳಿಕೊಡ್ತಾರಾ?" ಎಂದು ಕೇಳಿದಳು. ದೊಡ್ಡಕ್ಕನಿಗೆ ಇನ್ನೂ ಹೇಳಿಲ್ಲ. ಭಾನುವಾರ ಹೋಗಬೇಕು.