ಟೈಮಿಂಗ್ ಆಯಿಲ್ ಕೈಗೆ ಹೋದದ್ದು

ಅಂಬಾಸಿಡರ್, ಪದ್ಮಿನಿಗಳ ಕಾಲದಲ್ಲಿ ವಾಲ್ವುಗಳ ಯೋಗಕ್ಷೇಮ ಮೇಸ್ತ್ರಿಯ ಬೆರಳ ತುದಿಯಲ್ಲಿತ್ತು. ಮೇಲಿನ ಕವರ್ ಬಿಚ್ಚಿ, ಟ್ಯಾಪೆಟ್ ಸಂದಿಗೆ ಫೀಲರ್ ಗೇಜಿನ ತೆಳು ಎಲೆ ತೂರಿಸಿ, ಅದು ಎಷ್ಟು ಬಿಗಿಯಾಗಿ ಜಾರುತ್ತದೆ ಎಂದು ನೋಡಿಯೇ ಸ್ಕ್ರೂ ತಿರುಗಿಸುತ್ತಿದ್ದ. ಆದರೆ ವಾಲ್ವು ಯಾವ ಗಳಿಗೆಗೆ ತೆರೆಯಬೇಕು ಎಂಬುದು ಕ್ಯಾಮ್‌ಶಾಫ್ಟಿನ ಉಬ್ಬುಗಳಲ್ಲಿ ಕಾರ್ಖಾನೆಯಲ್ಲೇ ತೀರ್ಮಾನವಾಗಿರುತ್ತಿತ್ತು. ಗಾಡಿ ತೆವಳಲಿ, ಓಡಲಿ, ಅದು ಬದಲಾಗುತ್ತಿರಲಿಲ್ಲ.

ತೊಡಕು ಇದ್ದದ್ದೇ ಅಲ್ಲಿ. ವೇಗದಲ್ಲಿ ಎಂಜಿನ್ ಎದೆತುಂಬ ಉಸಿರೆಳೆಯಬೇಕಾದರೆ, ಹೊಗೆ ಹೊರಹೋಗುವ ವಾಲ್ವು ಮುಚ್ಚುವ ಮೊದಲೇ ಗಾಳಿ ಬರುವ ವಾಲ್ವು ತೆರೆಯಬೇಕು. ಸಿಗ್ನಲ್ಲಿನಲ್ಲಿ ನಿಂತಾಗಲೂ ಹಾಗೇ ಇದ್ದರೆ ಸುಟ್ಟ ಹೊಗೆ ಹೊಸ ಗಾಳಿಯೊಂದಿಗೆ ಬೆರೆತು ಎಂಜಿನ್ ಕುಂಟುತ್ತದೆ. ಅಮೆರಿಕದ ಹೊಗೆ ನಿಯಮ ಬಿಗಿಯಾಗಿದ್ದ ದಿನಗಳಲ್ಲಿ, 1980ರ ಸ್ಪೈಡರ್ ಕಾರಿನಲ್ಲಿ ಇಟಲಿಯ ಆಲ್ಫಾ ರೋಮಿಯೋ ಇದಕ್ಕೊಂದು ದಾರಿ ತೋರಿಸಿತು. ಆಯಿಲ್ ಒತ್ತಡ ಓರೆಹಲ್ಲಿನ ಒಂದು ತುಂಡನ್ನು ತಳ್ಳಿದರೆ ಕ್ಯಾಮ್‌ಶಾಫ್ಟ್ ತುಸು ಮುಂದಕ್ಕೆ ತಿರುಗುತ್ತಿತ್ತು. 1989ರಲ್ಲಿ ಹೋಂಡಾ ತನ್ನ ಇಂಟೆಗ್ರಾಗೆ ವಿಟೆಕ್ ಕೂರಿಸಿತು. ಅಲ್ಲಿ ಆಯಿಲ್ ಒಂದು ಪಿನ್ನನ್ನು ತಳ್ಳಿ, ವಾಲ್ವುಗಳನ್ನು ಇನ್ನೂ ಎತ್ತರದ ಉಬ್ಬಿಗೆ ಒಪ್ಪಿಸುತ್ತದೆ. 1.6 ಲೀಟರಿನ ಎಂಜಿನ್ 160 ಅಶ್ವಶಕ್ತಿ ಕೊಟ್ಟಿತು. ಆಯಿಲ್ ಒತ್ತಡದಿಂದಲೇ ಕ್ಯಾಮ್ ತಿರುಗಿಸುವ ಟೊಯೋಟಾದ ವಿವಿಟಿ-ಐ ಬಂದದ್ದು 1995ರಲ್ಲಿ.

ಗ್ಯಾರೇಜಿನ ಚರಿತ್ರೆಯಲ್ಲಿ ಇದಕ್ಕಿಂತ ದೊಡ್ಡ ತಿರುವು ಹುಡುಕುವುದು ಕಷ್ಟ. ಅಲ್ಲಿಯವರೆಗೆ ಆಯಿಲ್ ಸವೆತ ತಡೆಯುತ್ತಿತ್ತು, ಬಿಸಿ ಹೊರುತ್ತಿತ್ತು. ಈಗ ಅದು ಟೈಮಿಂಗನ್ನೇ ತಿರುಗಿಸುವ ತೋಳಾಯಿತು. ಹೊತ್ತಿಗೆ ಸರಿಯಾಗಿ ಆಯಿಲ್ ಬದಲಿಸದವನ ಗಾಡಿಯಲ್ಲಿ ಮೊದಲು ಸೋಲುವುದೂ ಆ ತೋಳೇ.

2003ರಲ್ಲಿ ಟೊಯೋಟಾದ ಬಿಡದಿ ಕಾರ್ಖಾನೆಯಿಂದ 1.8 ಲೀಟರಿನ ವಿವಿಟಿ-ಐ ಕೊರೊಲಾ ಹೊರಬಂದಾಗ ನಮ್ಮ ಮೇಸ್ತ್ರಿಗಳೂ ಈ ಹೊಸ ವಿದ್ಯೆ ಕಲಿಯಬೇಕಾಯಿತು. "ಪಿಕಪ್ಪೇ ಇಲ್ಲ ಅಣ್ಣಾ, ಚೆಕ್ ಲೈಟ್ ಬೇರೆ ಹತ್ತಿದೆ" ಎಂದು ಗಿರಾಕಿ ಬರುತ್ತಾನೆ. ಸ್ಕ್ಯಾನರ್ ಹಾಕಿದರೆ ಪಿ0011, ಅಂದರೆ ಕ್ಯಾಮ್ ಬೇಕಾದ್ದಕ್ಕಿಂತ ಮುಂದಿದೆ. ಅನುಭವಸ್ಥ ಕೂಡಲೇ ಹೊಸ ಪಾರ್ಟ್ ತರಿಸುವುದಿಲ್ಲ. ಡಿಪ್‌ಸ್ಟಿಕ್ ಎಳೆದು ಆಯಿಲನ್ನು ಬೆರಳಿಗೆ ಸವರಿಕೊಂಡು ನೋಡುತ್ತಾನೆ. ಆಮೇಲೆ, ಕ್ಯಾಮ್ ತಿರುಗಿಸುವ ಆಯಿಲನ್ನು ಹಿಡಿದು ಬಿಡುವ ಆಯಿಲ್ ಕಂಟ್ರೋಲ್ ವಾಲ್ವಿಗೆ ಮಲ್ಟಿಮೀಟರ್ ಹಿಡಿಯುತ್ತಾನೆ. ತಣ್ಣಗಿರುವಾಗ ಸುಮಾರು 6.9ರಿಂದ 7.9 ಓಮ್ ಬಂದರೆ ಕಾಯಿಲ್ ಸರಿಯಿದೆ. ವಾಲ್ವನ್ನು ಬಿಚ್ಚಿ ಬ್ಯಾಟರಿ ಕರೆಂಟನ್ನು ಕ್ಷಣಮಾತ್ರ ಮುಟ್ಟಿಸಿದರೆ ಒಳಗಿನ ಕಡ್ಡಿ 'ಟಕ್' ಎಂದು ಸರಿಯಬೇಕು.

ಇನ್ನುಳಿದದ್ದು ಅದಕ್ಕೆ ಆಯಿಲ್ ಸೋಸಿ ಕೊಡುವ ಜಾಲರಿ. ಕಿರುಬೆರಳಿನಷ್ಟೂ ಇಲ್ಲದ ಅದರ ಕಣ್ಣುಗಳಲ್ಲಿ ಕರಿ ಜಿಡ್ಡು ಕಟ್ಟಿಕೊಂಡಿರುತ್ತದೆ. ತೊಳೆದು ಬೆಳಕಿಗೆ ಹಿಡಿದರೆ ಆಚೆಯ ಗೋಡೆ ಕಾಣಬೇಕು. ಜಾಲರಿಯನ್ನು ಕೂರಿಸಿ, ಹೊಸ ಆಯಿಲ್, ಹೊಸ ಫಿಲ್ಟರ್ ಹಾಕಿ, ಕೋಡ್ ಅಳಿಸಿ ಒಂದು ಸುತ್ತು ಓಡಿಸುತ್ತಾನೆ. ಅದೇ ಕೋಡ್ ಮತ್ತೆ ಹತ್ತಿತೋ, ಮುಂದಿನ ಕವರ್ ಬಿಚ್ಚಿ ಟೈಮಿಂಗ್ ಚೈನ್ ಸಡಿಲಾಗಿದೆಯೇ ಎಂದು ಮಾರ್ಕುಗಳನ್ನು ಹೊಂದಿಸಿ ನೋಡುವ ಹಳೇ ಕೆಲಸ ಶುರು.